ವರಲಕ್ಷ್ಮಮ್ಮನ ಬ್ಯಾಕ್‌ಹ್ಯಾಂಡ್

ರಾಮಾಂಜಿನಪ್ಪ ಮೇಷ್ಟ್ರು ಹೆಣದ ಎಡಗೈಯನ್ನು ರಾಕೆಟ್ಟಿನ ಹಿಡಿಯಿಂದ ಬಿಡಿಸಲು ಎರಡನೆಯ ಸಲ ಎಳೆದಾಗ ಆ ಮನೆಯ ಹಿರಿಯಜ್ಜಿ ಪೆದ್ದಮ್ಮ ಅವರ ಮಣಿಕಟ್ಟಿನ ಮೇಲೆ ಫಟ್ಟನೆ ಒಂದೇಟು ಹಾಕಿದಳು.

"ಏಂದಯ್ಯಾ ಇದಿ? ಸತ್ತೋಳ ಕೈಯ ಯಾರಾದ್ರೂ ಹಿಂಗ್ ಎಳೀತಾರಾ? ನೀನೇನ್ ಮೇಷ್ಟ್ರೋ, ಇನ್ನೇನೋ!"

ಶಾಮಿಯಾನದ ಕೆಳಗೆ ಕುಳಿತಿದ್ದವರೆಲ್ಲ ಇತ್ತ ತಿರುಗಿದರು. ಮೇಷ್ಟ್ರು ಕೈ ಹಿಂದಕ್ಕೆ ತೆಗೆದುಕೊಂಡರು. ಕಣ್ಣನ್ನು ಮಾತ್ರ ತೆಗೆಯಲಿಲ್ಲ. ಬೆಂಚಿನ ಮೇಲೆ ಮಲಗಿಸಿದ್ದ ವರಲಕ್ಷ್ಮಮ್ಮನವರ ಎದೆಯ ಮೇಲೆ ಅವರದೇ ಟೆನಿಸ್ ರಾಕೆಟ್ಟು ಇತ್ತು. ಅದರ ಹಿಡಿಯನ್ನು ಎರಡು ಕೈಗಳೂ ಸುತ್ತಿಕೊಂಡಿದ್ದವು. ಬಲಗೈ ಕೆಳಗೆ, ಎಡಗೈ ಅದಕ್ಕೆ ಅಂಟಿಕೊಂಡು ಮೇಲೆ. ಕ್ಲಬ್ಬಿನ ಟೆನಿಸ್ ಕೋಚ್ ಹರಿಕೃಷ್ಣ, ಎಡಕ್ಕೆ ಬಂದ ಚೆಂಡು ಹೊಡೆಯಲು ತನ್ನ ಸಂಜೆ ಬ್ಯಾಚಿನವರಿಗೆ ಹೇಳಿಕೊಡುವ ಎರಡು ಕೈಯ ಬ್ಯಾಕ್‌ಹ್ಯಾಂಡ್ ಹಿಡಿತ ಅದು, ಒಂದು ಚೂರೂ ಆಚೀಚೆ ಇಲ್ಲ.

"ಯಾರು ಹಿಂಗ್ ಹಿಡಿಸಿದ್ದು ಇದನ್ನ?" ಎಂದರು ಮೇಷ್ಟ್ರು. ದನಿ ನಡುಗುತ್ತಿತ್ತು. ಕೇಳಿದವರು ದುಃಖಕ್ಕೆ ಅಂದುಕೊಂಡರು. ದುಃಖವೂ ಇತ್ತು, ಆದರೆ ನಡುಗಿಸುತ್ತಿದ್ದುದು ಅದಲ್ಲ.

"ಯಾರ್ ಹಿಡಿಸ್ತಾರಪ್ಪ? ಇವಳ ಮಗಳು ಅದನ್ನ ತಂದು ಎದೆ ಮೇಲೆ ಇಟ್ಲು. ನಾನು ಹೆಬ್ಬೆಟ್ಟು ಕಟ್ದೆ. ಕಾಲಿಂದು ಕಟ್ಟಿದೀನಿ, ಕೈಯಿಂದೂ ಕಟ್ಟಿದೀನಿ. ಹೋದೋರ್ಗೆಲ್ಲಾ ಕಟ್ಟೋದೇ. ನಾಳೆ ನಿಂಗೂ ಕಟ್ತಾರೆ, ನೋಡ್ಕೊ."

ಎರಡು ಹೆಬ್ಬೆರಳುಗಳನ್ನು ಜೋಡಿಸಿ ಬಿಗಿದಿದ್ದ ಬಿಳಿ ಬಟ್ಟೆಯ ಚೂರು ಮೇಷ್ಟ್ರಿಗೆ ಕಂಡದ್ದು ಆಗ. ಎಪ್ಪತ್ತು ದಾಟಿದವರು, ಊರಿನ ಎಷ್ಟೋ ಸಾವಿಗೆ ಹೋಗಿ ಬಂದವರು, ಹೆಣಕ್ಕೆ ಹೆಬ್ಬೆರಳು ಕಟ್ಟುತ್ತಾರೆಂಬುದು ಅವರಿಗೆ ಗೊತ್ತಿರದ ಸಂಗತಿಯೇನಲ್ಲ. ಹೊಟ್ಟೆಕಿಚ್ಚಿನ ಕಣ್ಣಿಗೆ ಬಟ್ಟೆ ಕಾಣಲಿಲ್ಲ, ಹಿಡಿತ ಮಾತ್ರ ಕಂಡಿತು. ಅವರು ತಲೆ ತಗ್ಗಿಸಿಕೊಂಡು ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತರು.

ಹರಿಕೃಷ್ಣ ಶಾಮಿಯಾನದ ಕಂಬಕ್ಕೆ ಒರಗಿ ನಿಂತಿದ್ದ. ನಡೆದದ್ದನ್ನೆಲ್ಲ ಅವನು ನೋಡಿದ್ದ. ಅವನು ನಕ್ಕಿದ್ದರೆ ಮೇಷ್ಟ್ರಿಗೆ ಸಮಾಧಾನವಾಗುತ್ತಿತ್ತೋ ಏನೋ. ಆದರೆ ಅವನು ಅಳುತ್ತಿದ್ದ. ಟೀ ಶರ್ಟಿನ ತೋಳಿನಲ್ಲಿ ಮೂಗೊರೆಸಿಕೊಂಡು, ನಾಲ್ಕು ಜನರಿಗೆ ಕಾಣುವ ಹಾಗೆ ಅಳುತ್ತಿದ್ದ. ಮೇಷ್ಟ್ರಿಗೆ ಬೆಳಗಿನಿಂದ ಒಂದು ಹನಿಯೂ ಬಂದಿರಲಿಲ್ಲ. ಇದರಲ್ಲೂ ಇವನೇ ಮುಂದೆ ಇರಬೇಕೇ ಎಂದುಕೊಂಡರು.

ವರಲಕ್ಷ್ಮಮ್ಮ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅಧಿಕಾರಿಯಾಗಿದ್ದವರು. ಹಿಂದಿನ ದಿನ ಕೆಲಸದಲ್ಲಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದಿದ್ದರು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದರೂ ಬೆಳಗಾಗುವುದರೊಳಗೆ ಹೋಗಿಬಿಟ್ಟರು. ಗೌರಿಬಿದನೂರಿನಿಂದ ಅವರ ಅಣ್ಣ ಬಂದ ಮೇಲೆ ಕೆರೆಯಾಚೆ ತಮ್ಮದೇ ಹಿಪ್ಪುನೇರಳೆ ತೋಟದಲ್ಲಿ ಮಣ್ಣು ಮಾಡುವುದೆಂದು ಗಂಡ ಮಧುಸೂದನ್ ಹೇಳಿದ್ದರು. ಅಲ್ಲಿಯವರೆಗೆ ಬಂದವರು ಕುಳಿತಿರಬೇಕು.

ಮೇಷ್ಟ್ರು ಸಾವಿಗೆ ಬಂದಿದ್ದರು, ನಿಜ. ಆದರೆ ಮನೆ ಬಿಡುವಾಗಲೇ ಇನ್ನೊಂದು ಆಸೆಯೂ ಜೊತೆಗೆ ಹೊರಟಿತ್ತು. ಇಷ್ಟು ಜನರಲ್ಲಿ ಯಾರಾದರೂ ಒಬ್ಬರು, ಒಬ್ಬರೇ ಸಾಕು, 'ವರಲಕ್ಷ್ಮಮ್ಮ ರಾಮಾಂಜಿನಪ್ಪ ಮೇಷ್ಟ್ರ ಶಿಷ್ಯೆ' ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ್ದನ್ನು ಹರಿಕೃಷ್ಣ ಕೇಳಿಸಿಕೊಳ್ಳಬೇಕು. ಇಂಥ ದಿನ ಇಂಥ ಆಸೆ ಇಟ್ಟುಕೊಳ್ಳಬಾರದೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಕಿವಿ ನೆಟ್ಟಗೆ ಮಾಡಿಕೊಂಡು ಕುಳಿತಿದ್ದರು.

*

ಹತ್ತು ಹನ್ನೆರಡು ವರ್ಷಗಳ ಹಿಂದೆ, ಡಾಕ್ಟರು ಸಕ್ಕರೆ ಕಾಯಿಲೆ ಎಂದು ಹೇಳಿದ ಮಾರನೆಯ ವಾರ, ವರಲಕ್ಷ್ಮಮ್ಮ ಮೊದಲ ಸಲ ಕ್ಲಬ್ಬಿಗೆ ಬಂದಿದ್ದರು. ಮೈಮೇಲೆ ಸೀರೆ, ಕಾಲಲ್ಲಿ ಮಗಳ ಸ್ಕೂಲಿನ ಬಿಳಿ ಬೂಟು. ಕ್ಲಬ್ಬೆಂದರೆ ಭಾರಿ ಏನಲ್ಲ. ಇಸ್ಪೀಟಾಡುವ ಒಂದು ಕೋಣೆ, ಅದರ ಹಿಂದೆ ಕೆಮ್ಮಣ್ಣಿನ ಒಂದು ಟೆನಿಸ್ ಕೋರ್ಟು. ಬಿಸಿಲೇರುವ ಮುಂಚೆ ಅದಕ್ಕೆ ನೀರು ಚಿಮುಕಿಸಿ, ರೋಲರ್ ಎಳೆದು, ಸುಣ್ಣದಲ್ಲಿ ಗೆರೆ ಹಾಕಬೇಕು. ಹೈಸ್ಕೂಲಿನ ಪಿ.ಟಿ. ಮೇಷ್ಟ್ರಾಗಿ ಆಗತಾನೆ ನಿವೃತ್ತರಾಗಿದ್ದ ರಾಮಾಂಜಿನಪ್ಪನವರು ಆ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟವರಲ್ಲ. ಕಲಿಸುವ ಕೆಲಸವನ್ನಂತೂ ಬಿಡುವ ಮಾತೇ ಇರಲಿಲ್ಲ.

"ನಾನು ಬರೀ ವಾಕಿಂಗ್ ಬಂದೋಳು ಸರ್. ಇದೇನೋ ನೋಡೋಕೆ ಚೆನ್ನಾಗಿದೆ. ಹೆಂಗಸ್ರು ಆಡ್ಬೋದಾ?"

"ಕಲಿಯೋರು ಯಾರಾದ್ರೂ ಆಡ್ಬೋದಮ್ಮ. ಬರೀ ಆಡೋರು ಬೇಡ."

ಮೇಷ್ಟ್ರ ಪಾಠ ಅಂಥದ್ದು. ಮೊದಲ ತಿಂಗಳು ಚೆಂಡೇ ಇಲ್ಲ. ಗೋಡೆಯ ಮುಂದೆ ನಿಂತು ಬರಿಗಾಳಿಯಲ್ಲಿ ರಾಕೆಟ್ಟು ಬೀಸಬೇಕು. "ಪಕ್ಕಕ್ಕೆ ತಿರುಗಿ. ಬಲಭುಜ ನೆಟ್ ಕಡೆ. ಬಲಗಾಲು ಮುಂದೆ. ಈಗ ಬೀಸಿ. ಎಡಗೈ ಹಿಂದೇನೇ ಬಿಡಿ, ಅದಕ್ಕೇನ್ ಕೆಲಸ ಇಲ್ಲಿ? ಕೊನೇಗೆ ರಾಕೆಟ್ ಆಕಾಶ ತೋರಿಸ್ಬೇಕು." ಗೊಬ್ಬರದಂಗಡಿ ಅಂಬರೀಶ್, ಬ್ಯಾಂಕಿನ ಮ್ಯಾನೇಜರು ಮುಂತಾದವರೆಲ್ಲ ಒಂದು ವಾರ ಇದನ್ನು ಮಾಡಿ, ಬೆವರೊರೆಸಿಕೊಂಡು, ಬಾಯಿಗೆ ಬಂದ ಹಾಗೆ ಅನ್ನುವಂತೆ ಕೈಗೆ ಬಂದ ಹಾಗೆ ಆಡಲು ಹೋಗಿಬಿಟ್ಟಿದ್ದರು. ವರಲಕ್ಷ್ಮಮ್ಮ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ದಿನವೂ ಗೋಡೆಯ ಮುಂದೆ ನಿಂತರು.

"ಎಷ್ಟು ಬಿಗಿಯಾಗಿ ಹಿಡೀಬೇಕು ಸರ್ ಇದನ್ನ?" ಎಂದು ಕೇಳಿದ್ದರು ಒಂದು ದಿನ.

"ಮಾರ್ಕೆಟ್ಟಲ್ಲಿ ನೀವು ಗೂಡು ಒತ್ತಿ ನೋಡ್ತೀರಲ್ಲ, ಹಂಗೆ. ಗಟ್ಟಿ ಇದೆಯಾ ಅಂತ ತಿಳೀಬೇಕು, ಒಳಗಿನ ಹುಳಕ್ಕೆ ನೋವಾಗ್ಬಾರ್ದು."

"ಹಂಗನ್ನಿ ಮತ್ತೆ! ಮೊದ್ಲೇ ಹಿಂಗ್ ಹೇಳಿದ್ರೆ ಆಗ್ತಿತ್ತಲ್ಲ ಸರ್," ಎಂದು ಅವರು ನಕ್ಕಿದ್ದರು. ಆಮೇಲೆ ಹಿಡಿತದ ಬಗ್ಗೆ ಮತ್ತೆ ಹೇಳಬೇಕಾಗಿ ಬರಲಿಲ್ಲ.

ಚಳಿಗಾಲದ ಒಂದು ಬೆಳಗ್ಗೆ, ಮೇಷ್ಟ್ರು ಎಡಕ್ಕೆ ಹಾಕಿದ ಒಂದು ಚೆಂಡಿಗೆ ಆಕೆ ಎರಡು ಹೆಜ್ಜೆ ಇಟ್ಟು, ತಿರುಗಿ, ಬೀಸಿದರು. ಚೆಂಡು ನೆಟ್ಟಿನ ಮೇಲೆ ಅಷ್ಟೇ ಅಷ್ಟು ಎತ್ತರದಲ್ಲಿ ಹಾದು ಸುಣ್ಣದ ಗೆರೆಯನ್ನು ಸವರಿಕೊಂಡು ಹೋಯಿತು. ಹೊಡೆತ ಮುಗಿದಾಗ ಬಲಗೈ ಮೇಲೆ, ಎಡಗೈ ಹಿಂದೆ, ಎದೆ ತೆರೆದುಕೊಂಡು ಆಕೆ ನಿಂತಿದ್ದರು. ಮೇಷ್ಟ್ರು ಇನ್ನೊಂದು ಚೆಂಡು ಹಾಕುವುದನ್ನು ಮರೆತರು. ಕಬಡ್ಡಿ, ಖೋಖೋ, ಓಟ, ಗುಂಡೆಸೆತ ಎಂದು ಸಾವಿರಾರು ಮಕ್ಕಳನ್ನು ಬಿಸಿಲಿಗೆ ನಿಲ್ಲಿಸಿದವರು ಅವರು. ಬಹುಮಾನಗಳೂ ಬಂದಿದ್ದವು. ಆದರೆ ತಮ್ಮ ತಲೆಯೊಳಗಿದ್ದದ್ದು ಹಾಗೇ ಹೊರಗೆ ಬಂದು ಕಣ್ಣೆದುರು ನಿಂತದ್ದು ಅದೊಂದೇ ಸಲ.

ಅಂದಿನಿಂದ ಕ್ಲಬ್ಬಿಗೆ ಹೊಸಬರು ಯಾರು ಬಂದರೂ ಮೇಷ್ಟ್ರು, "ನಮ್ಮ ವರಲಕ್ಷ್ಮಮ್ಮನ ಬ್ಯಾಕ್‌ಹ್ಯಾಂಡ್ ನೋಡಿ ಬನ್ನಿ" ಎಂದು ಕರೆಯುತ್ತಿದ್ದರು. ಹೊಸದಾಗಿ ಮನೆ ಕಟ್ಟಿಸಿದವರು ಬಂದವರನ್ನೆಲ್ಲ ಮಹಡಿಗೆ ಕರೆದುಕೊಂಡು ಹೋಗುತ್ತಾರಲ್ಲ, ಹಾಗೆ.

*

ಪಕ್ಕದ ಮನೆಯವರು ಕೊಟ್ಟ ಕಾಫಿ ಲೋಟ ಹಿಡಿದು ಅಂಬರೀಶ್ ಬಂದು ಮೇಷ್ಟ್ರ ಪಕ್ಕದಲ್ಲಿ ಕುಳಿತ. ಅವನು ಮಿಶ್ರ ಡಬಲ್ಸಿನಲ್ಲಿ ವರಲಕ್ಷ್ಮಮ್ಮನ ಜೊತೆಗಾರ. ಕಳೆದ ತಿಂಗಳು ಚಿಕ್ಕಬಳ್ಳಾಪುರದಲ್ಲಿ ನಡೆದ ಹಿರಿಯರ ಪಂದ್ಯದಲ್ಲಿ ಇಬ್ಬರೂ ಸೇರಿ ಕಪ್ಪು ಗೆದ್ದಿದ್ದರು. ಬ್ಯಾಂಕಿನ ಮ್ಯಾನೇಜರೂ ಕುರ್ಚಿ ಎಳೆದುಕೊಂಡು ಬಂದರು.

"ಫೈನಲ್ಲಲ್ಲಿ ಆ ಕೊನೇ ಪಾಯಿಂಟ್ ಇದೆಯಲ್ಲ," ಎಂದ ಅಂಬರೀಶ್. "ನಾನಂತೂ ಕೈ ಬಿಟ್ಟಿದ್ದೆ. ಅಕ್ಕ ಎಲ್ಲಿಂದ ಬಂದ್ರೋ ಗೊತ್ತಿಲ್ಲ, ಬ್ಯಾಕ್‌ಹ್ಯಾಂಡಲ್ಲಿ ಗೆರೆ ಮೇಲೇ ಬಿಟ್ರು ನೋಡಿ! ಆ ಕಡೆಯೋರು ಬಾಯ್ ಬಿಟ್ಕೊಂಡು ನಿಂತ್ಬಿಟ್ರು."

ಮೇಷ್ಟ್ರು ಆ ಪಂದ್ಯಕ್ಕೆ ಹೋಗಿರಲಿಲ್ಲ. "ಒಂದು ಕೈಲೋ, ಎರಡು ಕೈಲೋ?" ಎಂದು ಕೇಳಿದರು.

"ಏನ್ಸಾರ್?"

"ಒಂದು ಕೈಯಲ್ಲಿ ಹೊಡೆದ್ರಾ, ಎರಡು ಕೈಯಲ್ಲಾ ಅಂತ ಕೇಳಿದೆ."

"ಅದ್ಯಾರ್ ನೋಡಿದ್ರು ಸಾರ್? ಚೆಂಡು ಒಳಗ್ ಬಿತ್ತು, ಕಪ್ಪು ಮನೇಗ್ ಬಂತು."

"ಎರಡು ಕೈಯೇ ಇರ್ಬೇಕು," ಎಂದರು ಮ್ಯಾನೇಜರು, ಕಾಫಿ ಊದಿಕೊಳ್ಳುತ್ತ. "ಅವ್ರೀಗ ಹರಿ ಬ್ಯಾಚಲ್ವಾ?"

ಹರಿ ಬ್ಯಾಚು. ಹನ್ನೆರಡು ವರ್ಷದ ಬೆಳಗುಗಳನ್ನು ಮ್ಯಾನೇಜರು ಕಾಫಿಯ ಕೆನೆ ತೆಗೆದ ಹಾಗೆ ತೆಗೆದು ಪಕ್ಕಕ್ಕಿಟ್ಟರು. ಸಾವಿನ ಮನೆಯಲ್ಲದೆ ಬೇರೆ ಕಡೆ ಆಗಿದ್ದರೆ ಮೇಷ್ಟ್ರು ಎದ್ದು ನಿಂತು ಜಗಳಕ್ಕೇ ಹೋಗುತ್ತಿದ್ದರು.

"ಅವರು ನನ್ನ ಹತ್ರ ಕಲಿತೋರು," ಎಂದರು. ತಮ್ಮ ಬಾಯಿಂದ ತಾವೇ ಹೇಳಿಕೊಂಡದ್ದು ಅವರಿಗೇ ಸಪ್ಪೆ ಅನ್ನಿಸಿತು.

"ಅಯ್ಯೋ ಬಿಡಿ ಸಾರ್," ಎಂದ ಅಂಬರೀಶ್. "ನಮ್ಮ ಆಟಕ್ಕೆ ಒಂದು ಕೈಯಾದ್ರೇನು, ಎರಡು ಕೈಯಾದ್ರೇನು? ಬೆಳಿಗ್ಗೆ ಎದ್ದು ನಾಲ್ಕು ಹನಿ ಬೆವರು ಬಂದ್ರೆ ಸಾಕಪ್ಪ. ಪಾಪ, ಅಕ್ಕನಿಗೆ ಅದೂ ಇಲ್ಲದ ಹಂಗಾಯ್ತು."

ಅವನ ಕಣ್ಣು ತುಂಬಿಕೊಂಡಿತು. ಕಂಬದ ಹತ್ತಿರ ನಿಂತಿದ್ದ ಹರಿಕೃಷ್ಣನ ಕಣ್ಣೂ ಒರೆಸಿ ಒರೆಸಿ ಕೆಂಪಗಾಗಿತ್ತು. ಮೇಷ್ಟ್ರು ತಮ್ಮ ಒಣಗಣ್ಣನ್ನು ಮುಚ್ಚಿಡಲು ಕನ್ನಡಕ ತೆಗೆದು ಒರೆಸಿದರು.

*

ಹರಿಕೃಷ್ಣ ಚಿಂತಾಮಣಿಯವನು. ಎರಡು ವರ್ಷದ ಕೆಳಗೆ ಕೋಚಿಂಗ್ ಸರ್ಟಿಫಿಕೇಟು ಹಿಡಿದು ಕ್ಲಬ್ಬಿಗೆ ಬಂದ. ಜೊತೆಗೆ ಒಂದು ಬುಟ್ಟಿ ಚೆಂಡು, ಬಣ್ಣಬಣ್ಣದ ಕೋನುಗಳು, ಫೋನು ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು. ಮೊದಲ ದಿನವೇ ಎಲ್ಲರಿಗೂ ಚೆಂಡು. ಪಕ್ಕಕ್ಕೆ ತಿರುಗುವ ಗೊಡವೆಯಿಲ್ಲ, ನೆಟ್ಟಿಗೆ ಎದೆ ಕೊಟ್ಟು ನಿಂತೇ ಹೊಡೆಯುವುದು. ಅಂಗೈಯನ್ನು ಹಿಡಿಯ ಅಡಿಗೆ ಇಳಿಸಿ, ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿ ತಿರುಗಿಸುವುದು. ಕೊನೆಗೆ ರಾಕೆಟ್ಟು ಆಕಾಶ ತೋರಿಸುವ ಬದಲು ಕಾರಿನ ವೈಪರಿನ ಹಾಗೆ ಮೈಯನ್ನು ಸುತ್ತಿ ಬರುವುದು. ಬ್ಯಾಕ್‌ಹ್ಯಾಂಡಿಗೆ ಎರಡು ಕೈ. ಹೊಡೆದದ್ದನ್ನೆಲ್ಲ ಆಮೇಲೆ ಫೋನಿನಲ್ಲಿ ನಿಧಾನಕ್ಕೆ ಓಡಿಸಿ, "ನೋಡಿ ಅಂಕಲ್, ಇಲ್ಲಿ ನಿಮ್ಮ ಸೊಂಟ ತಿರುಗಿಲ್ಲ" ಎಂದು ತೋರಿಸುವುದು.

"ಬಟ್ಟೆ ಒಗೆದಂಗಿದೆ," ಎಂದು ಮೇಷ್ಟ್ರು ಮೂಗು ಮುರಿದಿದ್ದರು. ಆದರೆ ಹೊಟ್ಟೆ ಬಂದ ಗಂಡಸರು ಹೊಡೆದ ಚೆಂಡುಗಳು ಒಳಗೆ ಬೀಳತೊಡಗಿದವು. ಒಂದೆರಡು ತಿಂಗಳಲ್ಲಿ ಬೆಳಗಿನವರೆಲ್ಲ ಸಂಜೆಯವರಾದರು. ಹೋದರೆ ಹೋಗಲಿ, ವರಲಕ್ಷ್ಮಮ್ಮ ಇದ್ದಾರಲ್ಲ ಎಂದು ಮೇಷ್ಟ್ರು ಸಮಾಧಾನ ಮಾಡಿಕೊಂಡರು. ಬೆಳಗಿನ ಕೋರ್ಟಿನಲ್ಲಿ ಉಳಿದವರು ಅವರಿಬ್ಬರೇ.

ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಸಂಜೆ, ಬೆಳಿಗ್ಗೆ ಮರೆತು ಬಂದಿದ್ದ ಟವೆಲ್ಲು ತರಲು ಮೇಷ್ಟ್ರು ಕ್ಲಬ್ಬಿಗೆ ಹೋದರು. ಜಾಲರಿಯ ಆಚೆ ಸಂಜೆ ಬ್ಯಾಚು ಆಡುತ್ತಿತ್ತು. ಸಾಲಿನ ಕೊನೆಯಲ್ಲಿ ವರಲಕ್ಷ್ಮಮ್ಮ. ಎರಡು ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆದರು, ಚೆಂಡು ಒಳಗೆ ಬಿತ್ತು, ಹರಿಕೃಷ್ಣ ಏನೋ ಅಂದ, ಆಕೆ ತಲೆ ಹಿಂದಕ್ಕೆ ಹಾಕಿ ನಕ್ಕರು.

ಹೆಂಡತಿಯನ್ನು ಇನ್ನೊಬ್ಬನ ಸ್ಕೂಟರಿನ ಹಿಂದೆ ಕಂಡವನಂತೆ ಮೇಷ್ಟ್ರು ಕಾಂಪೌಂಡಿನ ಗೋಡೆಗೆ ಸರಿದು ನಿಂತರು. ಅಂಥ ಹೋಲಿಕೆ ಮನಸ್ಸಿಗೆ ಬಂದದ್ದಕ್ಕೆ ಅವರಿಗೇ ಅಸಹ್ಯವಾಯಿತು. ಆದರೆ ಎದೆಯೊಳಗೆ ಆಗುತ್ತಿದ್ದುದಕ್ಕೆ ಬೇರೆ ಯಾವ ಹೋಲಿಕೆಯೂ ಹೊಂದಲಿಲ್ಲ. ಟವೆಲ್ಲು ತೆಗೆದುಕೊಳ್ಳದೆ ಮನೆಗೆ ಹೋದರು.

ಮಾರನೆಯ ಬೆಳಿಗ್ಗೆ ಆಕೆ ಎಂದಿನಂತೆಯೇ ಬಂದರು. "ನಮಸ್ಕಾರ ಸರ್." ಮತ್ತೆ ಅದೇ ಒಂದು ಕೈ. ಸಂಜೆಯ ಸುದ್ದಿ ಆಕೆ ಎತ್ತಲಿಲ್ಲ, ಮೇಷ್ಟ್ರೂ ಕೇಳಲಿಲ್ಲ. ಕೇಳುವ ಬದಲು ಬ್ಯಾಕ್‌ಹ್ಯಾಂಡಿನ ಕಡೆಗೆ ಭುಜದೆತ್ತರದ ಚೆಂಡುಗಳನ್ನು ಒಂದರ ಹಿಂದೊಂದು ಹಾಕತೊಡಗಿದರು. ಒಂದು ಕೈಯ ಬ್ಯಾಕ್‌ಹ್ಯಾಂಡಿಗೆ ಅದಕ್ಕಿಂತ ಕಷ್ಟದ ಚೆಂಡಿಲ್ಲ.

"ಕೈ ಪೂರ್ತಿ ಮೇಲೆ ಹೋಗ್ತಿಲ್ಲ," ಎಂದರು.

"ಹೋಗುತ್ತೆ ಸರ್, ಇನ್ನೊಂದ್ ಹಾಕಿ."

ಮೇಷ್ಟ್ರು ಇನ್ನೊಂದು ಹಾಕಿದರು. ಮತ್ತೊಂದು ಹಾಕಿದರು. ಆಕೆ ಕೆಳತುಟಿ ಕಚ್ಚಿಕೊಂಡು ಬೀಸುತ್ತಿದ್ದರು, ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಮುಚ್ಚಿಟ್ಟ ಸಂಜೆಯ ಗುಟ್ಟು ಒಳಗೇ ಕಚ್ಚುತ್ತಿದೆ, ಕಚ್ಚಲಿ ಎಂದುಕೊಂಡರು ಮೇಷ್ಟ್ರು. ಆ ಮುಖ ನೋಡಿ ಅವರಿಗೆ ಒಳಗೊಳಗೇ ಹಿತವಾಗಿತ್ತು. ಹಾಗಾಗಿ ಮಾರನೆಯ ದಿನವೂ ಎತ್ತರದ ಚೆಂಡು, ಅದರ ಮಾರನೆಯ ದಿನವೂ ಎತ್ತರದ ಚೆಂಡು. ಮಳೆಗಾಲ ಹಿಡಿಯುವವರೆಗೂ ಹಾಗೇ ನಡೆಯಿತು. ಚಿಕ್ಕಬಳ್ಳಾಪುರದ ಪಂದ್ಯಕ್ಕೆ ಬನ್ನಿ ಸರ್ ಎಂದು ಆಕೆ ಮನೆಯವರೆಗೂ ಬಂದು ಕರೆದಾಗ, ಕೆಲಸವಿದೆ ಎಂದರು. ಆ ಭಾನುವಾರ ಅವರಿಗೆ ಯಾವ ಕೆಲಸವೂ ಇರಲಿಲ್ಲ.

*

ಗೌರಿಬಿದನೂರಿನ ಅಣ್ಣ ಬಂದಾಯಿತು. ತಮಟೆಯವರು ಬೀದಿಯಲ್ಲಿ ಬೆಂಕಿ ಹಾಕಿ ತಮಟೆ ಕಾಯಿಸತೊಡಗಿದರು. ಹೆಂಗಸರು ಒಬ್ಬೊಬ್ಬರಾಗಿ ಬಂದು ವರಲಕ್ಷ್ಮಮ್ಮನ ಬಾಯಿಗೆ ಅಕ್ಕಿಕಾಳು ಹಾಕಿ ಹೋದರು. ಮಗಳು ತನುಜ ಅಲ್ಲಿಂದ ಎದ್ದು ನೇರ ಮೇಷ್ಟ್ರ ಕುರ್ಚಿಯ ಹತ್ತಿರ ಬಂದಳು.

"ಸರ್, ಅಜ್ಜಿ ಅಂದಿದ್ದಕ್ಕೆ ಬೇಜಾರ್ ಮಾಡ್ಕೋಬೇಡಿ. ಅವ್ರು ಎಲ್ಲರಿಗೂ ಹಂಗೇ ಅಂತಾರೆ."

"ಇಲ್ಲಮ್ಮ, ಬೇಜಾರೇನಿಲ್ಲ." ಅಷ್ಟಕ್ಕೇ ಸುಮ್ಮನಿರಬೇಕಿತ್ತು. ತಾಯಿ ಸತ್ತು ಮಲಗಿರುವ ಹುಡುಗಿ. ಆದರೆ ತಿಂಗಳುಗಟ್ಟಲೆ ನುಂಗಿಕೊಂಡದ್ದು ನಾಲಿಗೆಯ ತುದಿಗೆ ಬಂದು ಕೂತಿತ್ತು. "ನಿಮ್ಮಮ್ಮ ನನ್ನ ಬಿಟ್ಟು ಅವನ ಹತ್ರ ಯಾಕಮ್ಮ ಹೋದ್ರು?"

ತನುಜ ಅವರ ಮುಖವನ್ನೇ ನೋಡಿದಳು. "ಬಿಟ್ಟು ಎಲ್ಲೋದ್ಲು ಸರ್? ದಿನಾ ಬೆಳಿಗ್ಗೆ ನಿಮ್ಮ ಹತ್ರಾನೇ ಬರ್ತಿದ್ಲಲ್ಲ."

"ಸಂಜೆ?"

"ಓ, ಅದಾ." ಅವಳು ಕುರ್ಚಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತಳು. "ಅಮ್ಮಂಗೆ ಬಲಭುಜ ಹಿಡ್ಕೊಂಡಿತ್ತು ಸರ್. ಶುಗರ್ ಇರೋರಿಗೆ ಹಂಗಾಗುತ್ತಂತೆ. ಜಡೆ ಹಾಕ್ಕೊಳ್ಳೋಕೂ ಕೈ ಎತ್ತಕ್ಕಾಗ್ತಿರ್ಲಿಲ್ಲ, ನಾನೇ ಹಾಕ್ತಿದ್ದೆ. ಹರಿ ಸರ್ ಒಂದಿನ ಗೇಟ್ ಹತ್ರ ನೋಡಿ, ಆಂಟಿ, ಭುಜಕ್ಕೆ ಏನ್ ಮಾಡ್ಕೊಂಡಿದೀರಿ ಅಂತ ಕೇಳಿದ್ರಂತೆ. ಎರಡು ಕೈಲಿ ಹೊಡೆದ್ರೆ ಅಷ್ಟು ಭಾರ ಬೀಳಲ್ಲ, ಬನ್ನಿ ಅಂದ್ರಂತೆ. ಅದಕ್ಕೇ ಹೋಗಿದ್ದು. ಇಲ್ದಿದ್ರೆ ಆಟಾನೇ ಬಿಡ್ಬೇಕಾಗ್ತಿತ್ತು."

"ನಂಗೆ ಯಾಕೆ ಹೇಳ್ಲಿಲ್ಲ?" ಎಂದರು ಮೇಷ್ಟ್ರು.

"ಹೇಳು ಅಂತ ನಾನೂ ಎಷ್ಟೋ ಸಲ ಅಂದೆ. 'ಬೆಳಿಗ್ಗೆ ಅವರ ಹತ್ರ ಉಳಿದಿರೋಳು ನಾನೊಬ್ಳೇ ಕಣೇ, ಆ ಬ್ಯಾಕ್‌ಹ್ಯಾಂಡ್ ಅಂದ್ರೆ ಅವರಿಗೆ ಪ್ರಾಣ. ಒಂದು ಗಂಟೆ ತಾನೆ, ತಡ್ಕೋತೀನಿ' ಅನ್ನೋಳು. ಬಂದು ಬಿಸಿನೀರಿನ ಚೀಲ ಇಟ್ಕೊಂಡು, ಆಮೇಲೆ ಮಾರ್ಕೆಟ್‌ಗೆ ಹೋಗೋಳು. ಅದೇನೋ ಮೇಲ್‌ಮೇಲೆ ಹಾಕ್ತಿದ್ರಂತಲ್ಲ ನೀವು, ಆ ದಿನಗಳಲ್ಲಂತೂ..."

ಅಷ್ಟರಲ್ಲಿ ಯಾರೋ ಕರೆದರು. ತನುಜ ಮಾತು ಅರ್ಧಕ್ಕೇ ಬಿಟ್ಟು ಎದ್ದು ಹೋದಳು.

ಮೇಷ್ಟ್ರಲ್ಲಿ ಮೊದಲು ಹುಟ್ಟಿದ್ದು ಪಶ್ಚಾತ್ತಾಪವಲ್ಲ. ದಿನವೂ ಎದುರಿಗೆ ನಿಂತು ಚೆಂಡು ಹಾಕಿದ ನನಗೆ ಕಾಣದ್ದು, ಗೇಟಿನ ಹತ್ತಿರ ನಿಂತವನಿಗೆ ಹೇಗೆ ಕಂಡಿತು ಎಂಬ ಉರಿ. ಉಳಿದದ್ದು ಅದರ ಹಿಂದೆ ಬಂತು. ಕಚ್ಚಿಕೊಂಡ ಆ ತುಟಿ ಕಣ್ಣ ಮುಂದೆ ಬಂತು, ಅದನ್ನು ನೋಡಿ ತಮಗಾದ ಹಿತವೂ ನೆನಪಿಗೆ ಬಂತು. ಮೇಷ್ಟ್ರು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಚಟ್ಟ ಎತ್ತುವ ಹೊತ್ತಾಯಿತು. ಮಧುಸೂದನ್ ಒದ್ದೆ ಪಂಚೆಯಲ್ಲಿ ಮುಂದೆ ನಿಂತರು. ಹೆಗಲು ಕೊಡಲು ಅಂಬರೀಶ್ ಹುಡುಗರನ್ನು ಕರೆಯುತ್ತಿರುವಾಗ ಮೇಷ್ಟ್ರು ಹೋಗಿ ಮುಂದಿನ ಎಡ ಮೂಲೆಯಲ್ಲಿ ನಿಂತುಬಿಟ್ಟರು.

"ಸಾರ್, ನೀವ್ ಬೇಡ ಸಾರ್. ತೋಟ ದೂರ ಇದೆ."

"ಆ ಕಡೆ ಸರಿಯಯ್ಯ."

ಎಡ ಮೂಲೆ ಎಂದರೆ ಬಿದಿರು ಬಲಭುಜದ ಮೇಲೆ ಬರುತ್ತದೆ. ಎದುರಿನ ಬಲ ಮೂಲೆಗೆ ಹರಿಕೃಷ್ಣ ಬಂದ. ಹಿಂದೆ ಅಂಬರೀಶ್ ಮತ್ತು ಗೌರಿಬಿದನೂರಿನ ಅಣ್ಣನ ಮಗ. ಎತ್ತುವಾಗ ಹರಿಕೃಷ್ಣ "ಬಲಗಾಲು ಮೊದ್ಲು" ಎಂದ. ಮೇಷ್ಟ್ರು "ಎಡಗಾಲು" ಎಂದರು. ಇಬ್ಬರೂ ತಮ್ಮ ತಮ್ಮ ಕಾಲು ಇಟ್ಟದ್ದರಿಂದ ಚಟ್ಟ ಒಂದು ಕಡೆಗೆ ವಾಲಿತು. "ರೇಯ್, ಕೆಡವಿಬಿಟ್ಟೀರ!" ಎಂದು ಪೆದ್ದಮ್ಮ ಕೂಗಿದಳು. ಹರಿಕೃಷ್ಣ ಎಡಗಾಲಿಗೆ ಬದಲಾಯಿಸಿಕೊಂಡ.

ಗೂಡು ಬೇಯಿಸುವ ವಾಸನೆಯ ಬೀದಿಗಳನ್ನು ದಾಟಿ, ನೂಲು ಬಿಚ್ಚುವ ಫಿಲೇಚರುಗಳನ್ನು ದಾಟಿ ಮೆರವಣಿಗೆ ಹೊರಟಿತು. ಮಾರುಕಟ್ಟೆಯ ಮುಂದೆ ಗೂಡು ಕೊಂಡು ನೂಲು ತೆಗೆಯುವ ರೀಲರುಗಳು, ಗೂಡು ತಂದ ರೈತರು ಚಪ್ಪಲಿ ಬಿಟ್ಟು ನಿಂತು ಕೈ ಮುಗಿದರು. ಕೆರೆ ಏರಿಯ ಹತ್ತಿರ ವಾಡಿಕೆಯಂತೆ ಚಟ್ಟವನ್ನು ಇಳಿಸಿದರು. ಅಲ್ಲಿ ಹೊತ್ತವರು ಪಕ್ಕ ಬದಲಾಯಿಸಿಕೊಂಡು ಮತ್ತೆ ಎತ್ತಬೇಕು. ಸೈಕಲ್ಲಿನ ಮೇಲೆ ಸೊಪ್ಪಿನ ಹೊರೆ ಕಟ್ಟಿಕೊಂಡು ಎದುರು ಬಂದ ಮುದುಕನೊಬ್ಬ ಇಳಿದು, ತಲೆಯ ಟವೆಲ್ಲು ತೆಗೆದ.

"ಯಾರಪ್ಪಾ ಹೋಗಿದ್ದು?"

"ಮಾರ್ಕೆಟ್ ವರಲಕ್ಷ್ಮಮ್ಮ," ಎಂದ ಅಂಬರೀಶ್.

"ಅಯ್ಯೋ, ಒಳ್ಳೇ ಹೆಣ್ಣುಮಗಳು. ನಮ್ ಗೂಡಿಗೆ ಯಾವತ್ತೂ ಮೋಸ ಆಗಕ್ಕೆ ಬಿಡ್ಲಿಲ್ಲ." ಮುದುಕ ಏದುಸಿರು ಬಿಡುತ್ತಿದ್ದ ಮೇಷ್ಟ್ರನ್ನು ನೋಡಿದ. "ತಮಗೇನಾಗಬೇಕು ಸ್ವಾಮಿ?"

ಬೆಳಗಿನಿಂದ ಕಾದಿದ್ದ ಅವಕಾಶ ತಾನಾಗಿ ಬಂದು ಮುಂದೆ ನಿಂತಿತ್ತು. ಮೇಷ್ಟ್ರು ಬಾಯಿ ತೆರೆದರು. ಹೇಳುವ ಬದಲು ಬಿದಿರು ಒತ್ತಿದ ಭುಜವನ್ನು ಮುಟ್ಟಿ ನೋಡಿಕೊಂಡರು.

"ಸರ್ ಶಿಷ್ಯೆ," ಎಂದ ಹರಿಕೃಷ್ಣ. "ಹನ್ನೆರಡು ವರ್ಷ ಸರ್ ಹತ್ರಾನೇ ಕಲ್ತೋರು. ನನ್ ಹತ್ರ ಬಂದ್ರೂ ಬಾಯ್ತುಂಬ ಸರ್ ಹಿಂಗ್ ಹೇಳಿದಾರೆ, ಸರ್ ಹಂಗ್ ಹೇಳಿದಾರೆ ಅಂತ. ಎಷ್ಟ್ ಹೇಳ್ಕೊಟ್ರೂ ಅಷ್ಟೇ. ಕೇಳಿ ಕೇಳಿ ನಂಗೂ ಹೊಟ್ಟೆ ಉರೀತಿತ್ತು."

ಎಲ್ಲರಿಗೂ ಕೇಳಿಸಿತು. ಮ್ಯಾನೇಜರಿಗೂ ಕೇಳಿಸಿತು. ಇಡೀ ದಿನ ಬೇಕೆಂದ ಮಾತನ್ನು ಆಡಿಬಿಟ್ಟವನು ಇವನು, ಇದರಲ್ಲೂ ಇವನದೇ ಮೊದಲು. ಮೇಷ್ಟ್ರಿಗೆ ಅದರಿಂದ ಒಂದು ಚೂರೂ ತಂಪಾಗಲಿಲ್ಲ.

"ಭುಜ ನೋಯ್ತಿತ್ತು ಅವರಿಗೆ," ಎಂದರು ಮುದುಕನಿಗೆ. "ಅದು ಕಂಡಿದ್ದು ಇವನಿಗೆ. ನಂಗಲ್ಲ."

ಮುದುಕನಿಗೆ ಏನೂ ಅರ್ಥವಾಗಲಿಲ್ಲ. ಹೂಂಗುಟ್ಟಿ, ಚಟ್ಟಕ್ಕೆ ಕೈ ಮುಗಿದು, ಸೈಕಲ್ ತಳ್ಳಿಕೊಂಡು ಹೋದ. ಮೇಷ್ಟ್ರ ಕಣ್ಣಿನಲ್ಲಿ ಆಗ ನೀರು ಬಂತು. ಅದನ್ನು ಅವರು ಒರೆಸಿಕೊಳ್ಳಲಿಲ್ಲ.

ಹಿಂದಿನವರಿಬ್ಬರೂ ಪಕ್ಕ ಬದಲಾಯಿಸಿಕೊಂಡರು. ಹರಿಕೃಷ್ಣ ಮೇಷ್ಟ್ರ ಮೂಲೆಗೆ ಬಂದು ನಿಂತ. "ಸರ್, ನೀವು ಆ ಕಡೆ ಹೋಗಿ. ಈ ಭುಜ ನೋಡಿ, ಕೆಂಪಗೆ ಊದ್ಕೊಂಡಿದೆ."

"ಇರ್ಲಿ ಬಿಡು."

"ಎಲ್ಲರೂ ಬದಲಾಯಿಸ್ಬೇಕು ಸರ್. ಇಲ್ಲಿಂದಾಚೆಗೆ ಏರು. ಕೊಡಿ, ನಾನ್ ಹಿಡೀತೀನಿ."

"ಬೇಡ ಅಂದ್ನಲ್ಲ. ಈ ಮೂಲೆ ನಂದು. ಇದೊಂದನ್ನ ಕೇಳ್ಬೇಡ."

ಹರಿಕೃಷ್ಣ ತನ್ನ ಮೂಲೆಗೇ ಹೋದ. ಚಟ್ಟ ಎದ್ದಿತು. ತಮಟೆಯವರು ಮುಂದೆ ಹೋದರು. ಏರು ಹತ್ತುವಾಗ ಬಿದಿರು ಮೇಷ್ಟ್ರ ಬಲಭುಜದ ಮೂಳೆಯ ಮೇಲೆ ಹೆಜ್ಜೆಹೆಜ್ಜೆಗೂ ಎದ್ದು ಕೂರುತ್ತಿತ್ತು. ಅವರು ಕೆಳತುಟಿ ಕಚ್ಚಿಕೊಂಡು, ಕತ್ತನ್ನು ಎಡಕ್ಕೆ ವಾಲಿಸಿ ಅದಕ್ಕೆ ಇನ್ನಷ್ಟು ಜಾಗ ಮಾಡಿಕೊಟ್ಟರು.